ಹೊರಹರಿವಿಲ್ಲದ ಸರೋವರದ ದಡದಲ್ಲಿ

ಓದುಗರ ಪ್ರಶ್ನೆಗಳಿಗೆ ಅಂಕಣಕಾರರ ಉತ್ತರ

ಚಳಿ ಇಳಿದು ಶಾಲೆಗಳ ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ, ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ನೆಲೆಸಿರುವ ಓದುಗರಿಂದ ಒಂದೇ ಜಾಗವನ್ನು ಕುರಿತು ಹಲವು ಪತ್ರಗಳು ಬಂದಿವೆ. ಅದು ವಿಸ್ಕಾನ್ಸಿನ್ ರಾಜ್ಯದ ಬ್ಯಾರಬೂ ಪಟ್ಟಣದ ಪಕ್ಕದಲ್ಲಿರುವ ಡೆವಿಲ್ಸ್ ಲೇಕ್ ರಾಜ್ಯೋದ್ಯಾನ. ಹಲವು ವರ್ಷಗಳಿಂದ ನಾನು ಮತ್ತೆ ಮತ್ತೆ ಡೇರೆ ಹಾಕಿ ತಂಗುತ್ತ ಬಂದಿರುವ, ನನ್ನ ಮನಸ್ಸಿಗೆ ತೀರ ಹತ್ತಿರವಾದ ಜಾಗ ಅದು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಕಳೆದ ಜುಲೈ ತಿಂಗಳ ಒಂದು ಶನಿವಾರ ಇಬ್ಬರು ಚಿಕ್ಕ ಮಕ್ಕಳನ್ನು ಕರೆದುಕೊಂಡು ಡೆವಿಲ್ಸ್ ಲೇಕ್‌ಗೆ ಹೋಗಿದ್ದೆವು. ಪ್ರವೇಶದ್ವಾರದಲ್ಲೇ ಕಾರುಗಳ ಸಾಲು, ಒಳಗೆ ಕಾರು ನಿಲ್ಲಿಸಲು ಜಾಗವಿಲ್ಲ, ದಡದಲ್ಲಿ ಚಾಪೆ ಹಾಸಲೂ ಎಡೆಯಿಲ್ಲ. ಮೂರು ಗಂಟೆ ಪ್ರಯಾಣ ಮಾಡಿ, ಎರಡು ಗಂಟೆ ಕಳೆದು, ಬೇಸರದಿಂದ ಹಿಂದಿರುಗಿದೆವು. ಅಲ್ಲಿ ಡೇರೆ ಹಾಕಿ ಉಳಿಯಲೇಬೇಕೆಂದು ಸ್ನೇಹಿತರು ಒತ್ತಾಯಿಸುತ್ತಿದ್ದಾರೆ. ಮತ್ತೆ ಹೋಗುವುದರಲ್ಲಿ ಅರ್ಥವಿದೆಯೇ?
— ಓದುಗರೊಬ್ಬರು, ಶಾಂಬರ್ಗ್, ಇಲಿನಾಯ್

ಉತ್ತರ: ನಿಮ್ಮ ಬೇಸರ ಸಹಜವಾದದ್ದು. ವಿಸ್ಕಾನ್ಸಿನ್‌ನ ರಾಜ್ಯೋದ್ಯಾನಗಳಲ್ಲೆಲ್ಲ ಅತಿ ಹೆಚ್ಚು ಜನ ಬರುವುದು ಇಲ್ಲಿಗೇ. ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಮಂದಿ. ಸರೋವರದ ವಿಸ್ತೀರ್ಣವಾದರೋ ಸುಮಾರು 360 ಎಕರೆ ಮಾತ್ರ. ಶಿಕಾಗೊ, ಮಿಲ್ವಾಕಿ, ಮ್ಯಾಡಿಸನ್ ಈ ಮೂರೂ ಊರುಗಳಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾದ್ದರಿಂದ ಜುಲೈ ಶನಿವಾರದ ಮಧ್ಯಾಹ್ನ ನೀವು ಕಂಡ ಜನಸಂದಣಿ ಪ್ರತಿ ಬೇಸಿಗೆಯಲ್ಲೂ ತಪ್ಪದೆ ಇರುತ್ತದೆ. ಆದರೂ ಮತ್ತೆ ಹೋಗಿ ಎಂದೇ ಹೇಳುತ್ತೇನೆ, ಏಕೆಂದರೆ ನೀವು ಆ ಸರೋವರವನ್ನು ಅದರ ಅತ್ಯಂತ ಕೆಟ್ಟ ಹೊತ್ತಿನಲ್ಲಿ ನೋಡಿ ಬಂದಿದ್ದೀರಿ.

ಅಲ್ಲಿ ರಾತ್ರಿ ಉಳಿಯುವವರಿಗೆ ಮಾತ್ರ ಸಿಗುವ ಎರಡು ಹೊತ್ತುಗಳಿವೆ. ಒಂದು, ಸಂಜೆ ಏಳರ ನಂತರದ್ದು. ಆ ಹೊತ್ತಿಗೆ ದಿನದ ಪ್ರವಾಸಿಗರ ಕಾರುಗಳು ಒಂದೊಂದಾಗಿ ಹೊರಟುಹೋಗಿರುತ್ತವೆ, ಗಾಳಿ ಇಳಿದು ನೀರು ಸಪಾಟಾಗುತ್ತದೆ, ಪಶ್ಚಿಮದ ಬಂಡೆಗುಡ್ಡದ ನೆರಳು ನೀರಿನ ಮೇಲೆ ನಿಧಾನವಾಗಿ ಚಾಚಿಕೊಳ್ಳುತ್ತ ಹೋಗುತ್ತದೆ, ಎದುರಿನ ಪೂರ್ವದ ಗುಡ್ಡ ಮಾತ್ರ ಕೊನೆಯ ಬಿಸಿಲಿನಲ್ಲಿ ನೇರಳೆಗೆಂಪಾಗಿ ನಿಂತಿರುತ್ತದೆ. ಇನ್ನೊಂದು, ಬೆಳಗ್ಗೆ ಆರರಿಂದ ಎಂಟರವರೆಗಿನದು. ಆಗ ನೀರಿನ ಮೇಲೆ ತೆಳುವಾದ ಮಂಜು ತೇಲುತ್ತಿರುತ್ತದೆ, ಮೀನು ಹಿಡಿಯಲು ಬಂದ ಒಬ್ಬಿಬ್ಬರನ್ನು ಬಿಟ್ಟರೆ ದಡದಲ್ಲಿ ಯಾರೂ ಇರುವುದಿಲ್ಲ. ಮಕ್ಕಳನ್ನು ಈ ಎರಡು ಹೊತ್ತಿನಲ್ಲಿ ನೀರಿನ ಬಳಿಗೆ ಕರೆದುಕೊಂಡು ಹೋಗಿ, ನಡುಹಗಲಿನ ಗದ್ದಲದ ಹೊತ್ತನ್ನು ಡೇರೆಯ ಬಳಿ, ಮರದ ನೆರಳಿನಲ್ಲಿ ಕಳೆಯಿರಿ.

ದಿನದ ಆಯ್ಕೆಯೂ ಅಷ್ಟೇ ಮುಖ್ಯ. ಶುಕ್ರವಾರ ಹೋಗಿ ಭಾನುವಾರ ಬರುವ ಬದಲು ಭಾನುವಾರ ಮಧ್ಯಾಹ್ನ ಹೋಗಿ ಮಂಗಳವಾರ ಬನ್ನಿ. ರಜೆ ಹೊಂದಿಸಿಕೊಳ್ಳಲು ಸಾಧ್ಯವಾದರೆ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಕಳೆದ ಮೇಲಿನ ಎರಡು ವಾರಗಳು ನನ್ನ ಪ್ರಕಾರ ವರ್ಷದಲ್ಲೇ ಅತ್ಯುತ್ತಮವಾದವು. ನೀರಿನಲ್ಲಿ ಬೇಸಿಗೆಯ ಬಿಸುಪು ಇನ್ನೂ ಉಳಿದಿರುತ್ತದೆ, ಸೊಳ್ಳೆಗಳು ಕಡಿಮೆಯಾಗಿರುತ್ತವೆ. ಆದರೆ ರಾತ್ರಿಯ ಉಷ್ಣಾಂಶ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯಬಹುದಾದ್ದರಿಂದ ಮಕ್ಕಳಿಗೆ ಬೆಚ್ಚನೆಯ ಹಾಸಿಗೆಚೀಲ ಬೇಕೇ ಬೇಕು. ಅಕ್ಟೋಬರ್ ಮಧ್ಯದಲ್ಲಿ ಎಲೆಗಳು ಬಣ್ಣ ತಿರುಗುವಾಗ ಜನಸಂದಣಿ ಮತ್ತೆ ಜುಲೈಯಂತೆಯೇ ಆಗುತ್ತದೆ.

ಕ್ವಾರ್ಟ್ಸೈಟ್, ನಾರ್ದರ್ನ್ ಲೈಟ್ಸ್, ಐಸ್ ಏಜ್ ಎಂಬ ಮೂರು ಶಿಬಿರತಾಣಗಳಲ್ಲಿ ಒಟ್ಟು 400ಕ್ಕೂ ಹೆಚ್ಚು ಡೇರೆ ಜಾಗಗಳಿವೆ. ಯಾವುದೂ ನೀರಿನ ಅಂಚಿನಲ್ಲಿಲ್ಲ. ದಡಕ್ಕೆ ನಡೆದೇ ಹೋಗಬೇಕು. ಜಾಗವನ್ನು 11 ತಿಂಗಳು ಮುಂಚಿತವಾಗಿ ಕಾಯ್ದಿರಿಸಬಹುದು, ಬೇಸಿಗೆಯ ವಾರಾಂತ್ಯಗಳು ಬಹುಬೇಗ ತುಂಬಿಹೋಗುತ್ತವೆ. ಡೇರೆ ಜಾಗದ ಶುಲ್ಕವಲ್ಲದೆ ವಾಹನದ ಪ್ರವೇಶ ಚೀಟಿಗೆ ಬೇರೆ ಹಣ ಕೊಡಬೇಕು. ಅದರ ದರ ನಿರ್ಧಾರವಾಗುವುದು ವಾಹನದ ನಂಬರ್ ಪ್ಲೇಟ್ ನೋಡಿ: ವಿಸ್ಕಾನ್ಸಿನ್ ಪ್ಲೇಟ್ ಇದ್ದರೆ ಕಡಿಮೆ, ನಿಮ್ಮ ಇಲಿನಾಯ್ ಪ್ಲೇಟ್‌ಗೆ ಹೆಚ್ಚು. ವಾರ್ಷಿಕ ಚೀಟಿ ಕೊಂಡರೆ ಅದು ವಿಸ್ಕಾನ್ಸಿನ್‌ನ ಇತರ ರಾಜ್ಯೋದ್ಯಾನಗಳಲ್ಲಿಯೂ ನಡೆಯುತ್ತದೆ.

ಪ್ರಶ್ನೆ: ಈ ಸರೋವರದಿಂದ ಯಾವ ನದಿಯೂ ಹೊರಗೆ ಹರಿಯುವುದಿಲ್ಲ ಎಂದು ಓದಿದೆ. ಹಾಗಿದ್ದರೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಹರಿಯದ ನೀರು ಕೆಡಬೇಕಲ್ಲವೇ?
— ವಿದ್ಯಾರ್ಥಿನಿ, ಮ್ಯಾಡಿಸನ್

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ಬಹಳ ಸಂತೋಷ ತಂದಿದೆ. ಇದಕ್ಕೆ ಉತ್ತರ ತಿಳಿದವರಿಗೆ ಆ ಉದ್ಯಾನದ ನಿಯಮಗಳಲ್ಲಿ ಅರ್ಧವನ್ನು ಯಾರೂ ಬೇರೆಯಾಗಿ ವಿವರಿಸಬೇಕಾಗಿಲ್ಲ.

ಸರೋವರದ ಮೂರು ಬದಿಗೆ ಎದ್ದು ನಿಂತಿರುವ ಗುಡ್ಡಗಳು ಕ್ವಾರ್ಟ್ಸೈಟ್ ಎಂಬ ಗಟ್ಟಿಶಿಲೆಯವು. ಸುಮಾರು 160 ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ನೀರಿನ ತಳದಲ್ಲಿ ಮರಳಾಗಿ ಕೂತದ್ದು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಹೀಗೆ ಗಟ್ಟಿಯಾಯಿತು. ಅದರೊಳಗಿನ ಕಬ್ಬಿಣದ ಅಂಶವೇ ಅದಕ್ಕೆ ನೇರಳೆಗೆಂಪು ಬಣ್ಣ ಕೊಟ್ಟಿತು. ಈ ಗುಡ್ಡಗಳ ನಡುವಿನ ಕಂದರದಲ್ಲಿ ಬಹಳ ಹಿಂದೆ ಒಂದು ನದಿ ಹರಿಯುತ್ತಿತ್ತು. ಕಳೆದ ಹಿಮಯುಗದಲ್ಲಿ, ಇಂದಿಗೆ ಸುಮಾರು 18,000 ವರ್ಷಗಳ ಹಿಂದೆ, ಉತ್ತರ ಮತ್ತು ಪೂರ್ವದ ಕಡೆಯಿಂದ ಬಂದ ಭಾರಿ ಹಿಮಹಾಸು ಈ ಗುಡ್ಡಗಳನ್ನು ಸುತ್ತಿಕೊಂಡು, ಕಂದರದ ಎರಡೂ ಬಾಯಿಗಳ ಬಳಿ ಬಂದು ನಿಂತಿತು. ಹಿಮ ಕರಗಿ ಹಿಂದೆ ಸರಿದಾಗ ಅದು ಹೊತ್ತು ತಂದಿದ್ದ ಕಲ್ಲು, ಮಣ್ಣು, ಜಲ್ಲಿಯೆಲ್ಲ ಎರಡೂ ತುದಿಯಲ್ಲಿ ದಿಬ್ಬಗಳಾಗಿ ಉಳಿಯಿತು. ಇಂತಹ ದಿಬ್ಬಗಳನ್ನು ಭೂವಿಜ್ಞಾನಿಗಳು ಮೊರೇನ್ ಎನ್ನುತ್ತಾರೆ. ನದಿ ಬೇರೆ ದಾರಿ ಹಿಡಿಯಿತು. ಸುತ್ತ ಗುಡ್ಡ, ಕಂದರದ ಎರಡು ತುದಿಗೆ ಮೊರೇನ್, ನಡುವೆ ಸಿಕ್ಕಿಕೊಂಡ ನೀರು, ಇದೇ ಇಂದಿನ ಸರೋವರ. ಉತ್ತರದ ದಡದಲ್ಲಿ ನೀವು ಊಟಕ್ಕೆ ಕೂರುವ ಹುಲ್ಲುಹಾಸಿನ ಹಿಂದೆ ಏರುವ ಆ ಸಾಧಾರಣ ದಿಬ್ಬವನ್ನು ಯಾರೂ ತಿರುಗಿ ನೋಡುವುದಿಲ್ಲ. ಸರೋವರವನ್ನು ಹಿಡಿದು ನಿಲ್ಲಿಸಿರುವ ಕಟ್ಟೆ ಅದೇ.

ಹೀಗಾಗಿ ಇದೊಂದು ಮುಚ್ಚಿದ ಬಟ್ಟಲು. ಮಳೆ, ಒರತೆ, ನೈರುತ್ಯದಿಂದ ಬರುವ ಒಂದು ಸಣ್ಣ ತೊರೆ, ಇವು ನೀರು ತರುತ್ತವೆ. ನೀರು ಹೋಗುವುದು ಆವಿಯಾಗಿ ಅಥವಾ ತಳದ ಮಣ್ಣಿನಲ್ಲಿ ಇಂಗಿ ಮಾತ್ರ. ನೀರು ಕರಗಿಸಿಕೊಂಡದ್ದನ್ನು ಹೊರಗೆ ಕೊಂಡೊಯ್ಯಲು ಹೊಳೆಯಿಲ್ಲ. ಸುತ್ತಲಿನ ಜಲಾನಯನ ಪ್ರದೇಶ ಚಿಕ್ಕದಾಗಿ, ಹೆಚ್ಚಿನ ಭಾಗ ಕಾಡಾಗಿರುವುದರಿಂದ ನೀರು ಇಂದಿಗೂ ಸಾಕಷ್ಟು ತಿಳಿಯಾಗಿದೆ. ಆದರೆ 1873ರಲ್ಲಿ ರೈಲು ಇಲ್ಲಿಗೆ ಬಂದ ಮೇಲೆ ದಡದಲ್ಲಿ ಹೋಟೆಲುಗಳೂ ಬೇಸಿಗೆ ಮನೆಗಳೂ ಎದ್ದವು. 1911ರಲ್ಲಿ ರಾಜ್ಯೋದ್ಯಾನವಾಗುವ ಮುನ್ನವೂ ನಂತರವೂ ಆ ಮನೆಗಳ ಕೊಳಚೆಯಿಂದ, ಹೊಲಗಳಿಂದ ಬಂದ ರಂಜಕ ತಳದ ಕೆಸರಿನಲ್ಲಿ ಸೇರಿಕೊಂಡಿತು. ಮನೆಗಳು ಹೋದವು, ರಂಜಕ ಹೋಗಲಿಲ್ಲ. ಬೇಸಿಗೆಯಲ್ಲಿ ತಳದ ನೀರಿನಲ್ಲಿ ಆಮ್ಲಜನಕ ತೀರಿದಾಗ ಅದು ಕೆಸರಿನಿಂದ ಮತ್ತೆ ಕರಗಿ ಮೇಲೆ ಬಂದು ಪಾಚಿಗೆ ಗೊಬ್ಬರವಾಗುತ್ತಿತ್ತು.

ಇದಕ್ಕೆ 2002ರಲ್ಲಿ ರಾಜ್ಯದ ವಿಜ್ಞಾನಿಗಳು ಆರಂಭಿಸಿದ ಉಪಾಯ ಸರಳವೂ ಸುಂದರವೂ ಆಗಿತ್ತು. ಸರೋವರದ ಅತಿ ಆಳದ ಜಾಗದಿಂದ ಸುಮಾರು ಒಂದು ಮೈಲಿ ಉದ್ದದ ಕೊಳವೆಯನ್ನು ಹಾಕಿ, ಬೇಸಿಗೆಯ ಕೊನೆಯಲ್ಲಿ ರಂಜಕ ತುಂಬಿದ ತಳದ ನೀರನ್ನಷ್ಟೇ, ಪಂಪಿನ ಹಂಗಿಲ್ಲದೆ, ಗುರುತ್ವದ ಸೆಳೆತದಿಂದಲೇ ಬಟ್ಟಲಿನ ಹೊರಕ್ಕೆ ಹರಿಸಿದರು. ನೂರು ವರ್ಷಗಳ ಹಿಂದಿನ ಜನ ಬಿಟ್ಟುಹೋದದ್ದನ್ನು ಹೊರತೆಗೆಯಲು ಇಷ್ಟು ಶ್ರಮ ಬೇಕಾಯಿತು ಎಂಬುದನ್ನು ನೆನೆದರೆ, ಆ ನೀರಿನಲ್ಲಿ ಒಂದು ತಟ್ಟೆ ತೊಳೆಯಲೂ ನನಗೆ ಕೈ ಬರುವುದಿಲ್ಲ.

ಪ್ರಶ್ನೆ: ಅಲ್ಲಿ ಈಜಿ ಬಂದ ಸಂಜೆಯೇ ನನ್ನ ಮಗನ ಕಾಲಿನ ಮೇಲೆ ಕೆಂಪು ಗುಳ್ಳೆಗಳೆದ್ದು ವಿಪರೀತ ತುರಿಕೆಯಾಯಿತು. ನೀರಿನಲ್ಲಿ ವಿಷವಿದೆಯೇ?
— ಓದುಗರೊಬ್ಬರು, ನೇಪರ್‌ವಿಲ್, ಇಲಿನಾಯ್

ಉತ್ತರ: ವಿಷವಲ್ಲ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಅದು ಇಲ್ಲಿನವರು ಸ್ವಿಮ್ಮರ್ಸ್ ಇಚ್ ಎಂದು ಕರೆಯುವ ತುರಿಕೆ ಇರಬಹುದು. ವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ. ನೀರುಹಕ್ಕಿಗಳ ರಕ್ತದಲ್ಲಿ ಬೆಳೆಯುವ ಒಂದು ಪರೋಪಜೀವಿಯ ಮೊಟ್ಟೆಗಳು ಹಿಕ್ಕೆಯ ಮೂಲಕ ನೀರಿಗೆ ಬಿದ್ದು, ಒಡೆದು, ಬಸವನಹುಳುವಿನೊಳಗೆ ಸೇರಿ, ಅಲ್ಲಿಂದ ಸೂಕ್ಷ್ಮ ಮರಿಗಳಾಗಿ ಹೊರಬಂದು ಮತ್ತೆ ಹಕ್ಕಿಯನ್ನು ಹುಡುಕುತ್ತವೆ. ಹಕ್ಕಿಯ ಬದಲು ಮನುಷ್ಯರ ಚರ್ಮ ಸಿಕ್ಕರೆ ಅದರೊಳಗೆ ಹೊಕ್ಕು ಅಲ್ಲೇ ಸಾಯುತ್ತವೆ. ಉಳಿಯುವುದು ತುರಿಕೆ ಮಾತ್ರ, ಅದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಸಾಮಾನ್ಯವಾಗಿ ಒಂದು ವಾರದಲ್ಲಿ ತಾನಾಗಿ ಇಳಿಯುತ್ತದೆ. ಕಲ್ಲುಗಳ ಮೇಲಿನ ಪಾಚಿಯನ್ನು ತಿಂದು ಬಸವನಹುಳುಗಳು ಹೆಚ್ಚುತ್ತವೆಯಾದ್ದರಿಂದ, ಹಿಂದಿನ ಉತ್ತರದಲ್ಲಿ ಹೇಳಿದ ರಂಜಕಕ್ಕೂ ನಿಮ್ಮ ಮಗನ ತುರಿಕೆಗೂ ನಂಟಿದೆ. ಕೊಳವೆ ಹಾಕಿದವರ ಉದ್ದೇಶಗಳಲ್ಲಿ ಈ ತುರಿಕೆಯನ್ನು ತಗ್ಗಿಸುವುದೂ ಒಂದಾಗಿತ್ತು.

ಮಕ್ಕಳು ಮೊಣಕಾಲಿನಷ್ಟು ನೀರಿನಲ್ಲಿ ಗಂಟೆಗಟ್ಟಲೆ ಕೂತು ಆಡುವಾಗಲೇ ಇದು ಹೆಚ್ಚಾಗಿ ಹತ್ತುತ್ತದೆ. ನೀರಿನಿಂದ ಎದ್ದ ಕೂಡಲೇ, ಮೈಮೇಲಿನ ಹನಿಗಳು ಬಿಸಿಲಿಗೆ ಆರುವ ಮುನ್ನ, ಒಣ ಟವೆಲಿನಿಂದ ಬಿರುಸಾಗಿ ಉಜ್ಜಿ ಒರೆಸಿ, ಸಾಧ್ಯವಾದರೆ ಸ್ನಾನ ಮಾಡಿಸಿ. ದಡದಲ್ಲಿ ಬಾತುಗಳಿಗೆ ಬ್ರೆಡ್ ಹಾಕಬೇಡಿ.

ಪ್ರಶ್ನೆ: ಮೂರು ಕುಟುಂಬಗಳಿಂದ ಹನ್ನೊಂದು ಜನ ಹೋಗುವವರಿದ್ದೇವೆ. ಒಂದೇ ಡೇರೆ ಜಾಗ ಕಾಯ್ದಿರಿಸಿದರೆ ಸಾಕೇ? ಮನೆಯ ಹಿತ್ತಿಲಿನಲ್ಲಿ ಕಡಿದ ಮರದ ಸೌದೆ ಬೇಕಾದಷ್ಟಿದೆ, ಅದನ್ನು ತರಬಹುದೇ?
— ಓದುಗರೊಬ್ಬರು, ಮಿನಿಯಾಪೊಲಿಸ್

ಉತ್ತರ: ಎರಡಕ್ಕೂ ಇಲ್ಲ ಎನ್ನಬೇಕಾಗಿದೆ. ಒಂದು ಜಾಗದಲ್ಲಿ ಒಂದೇ ಕುಟುಂಬದವರಲ್ಲದಿದ್ದರೆ ಆರು ಜನಕ್ಕಿಂತ ಹೆಚ್ಚು ತಂಗುವಂತಿಲ್ಲ. ಅಕ್ಕಪಕ್ಕದ ಎರಡು ಮೂರು ಜಾಗಗಳನ್ನು ತೆಗೆದುಕೊಳ್ಳಿ, ಇಲ್ಲವೇ ದೊಡ್ಡ ಗುಂಪುಗಳಿಗೆಂದೇ ಇರುವ ಶಿಬಿರತಾಣವನ್ನು ವಿಚಾರಿಸಿ.

ಸೌದೆಯ ವಿಷಯದಲ್ಲಿ ದಯವಿಟ್ಟು ರಾಜಿ ಮಾಡಿಕೊಳ್ಳಬೇಡಿ. ವಿಸ್ಕಾನ್ಸಿನ್‌ನ ರಾಜ್ಯೋದ್ಯಾನಗಳಿಗೆ 10 ಮೈಲಿಗಿಂತ ದೂರದ ಸೌದೆಯನ್ನು, ಅದಕ್ಕೆ ಅಧಿಕೃತ ಪ್ರಮಾಣಪತ್ರವಿಲ್ಲದಿದ್ದರೆ, ತರುವಂತಿಲ್ಲ. ಆ್ಯಶ್ ಎಂಬ ಜಾತಿಯ ಮರಗಳನ್ನು ಒಳಗಿನಿಂದ ಕೊರೆದು ಕೊಲ್ಲುವ ಎಮರಲ್ಡ್ ಆ್ಯಶ್ ಬೋರರ್ ಎಂಬ ಹಸಿರು ದುಂಬಿಯ ಮರಿಗಳು ತೊಗಟೆಯ ಕೆಳಗೇ ಅಡಗಿರುವುದರಿಂದ, ಕಣ್ಣಿಗೆ ಆರೋಗ್ಯವಾಗಿ ಕಾಣುವ ಸೌದೆಯಲ್ಲೂ ಅವು ಇರಬಹುದು. ಈ ದುಂಬಿ ತನ್ನ ರೆಕ್ಕೆಯಿಂದ ಹೋಗುವುದಕ್ಕಿಂತ ಬಹಳ ದೂರ ಮನುಷ್ಯರ ವಾಹನದಲ್ಲಿ ಕೂತು ಹೋಗಿದೆ. ಸೌದೆ ಉದ್ಯಾನದ ಸುತ್ತಮುತ್ತಲೇ ಮಾರಾಟಕ್ಕೆ ಸಿಗುತ್ತದೆ.

ಇಷ್ಟು ಜನ ಸೇರಿ ಅಡುಗೆ ಮಾಡುವವರಿದ್ದೀರಾದ್ದರಿಂದ ಇನ್ನೆರಡು ಮಾತು ಹೇಳಬೇಕು. ಪಾತ್ರೆ ತೊಳೆದ ಮುಸುರೆ ನೀರನ್ನು ಕುಡಿಯುವ ನೀರಿನ ನಲ್ಲಿಯ ಕೆಳಗಾಗಲಿ ಪೊದೆಯ ಬುಡಕ್ಕಾಗಲಿ ಚೆಲ್ಲಬೇಡಿ. ಮೊದಲು ಅಗುಳು, ಎಣ್ಣೆಯನ್ನು ಕಾಗದದಿಂದ ಒರೆಸಿ ಕಸದ ಚೀಲಕ್ಕೆ ಹಾಕಿ, ಉಳಿದ ನೀರನ್ನು ಒಂದು ಬಕೆಟ್ಟಿನಲ್ಲಿ ಕೂಡಿಟ್ಟು ಅದಕ್ಕೆಂದೇ ಗೊತ್ತುಮಾಡಿದ ಜಾಗದಲ್ಲಿ ಸುರಿಯಿರಿ. ಎರಡನೆಯದು ರಕೂನ್‌ಗಳ ವಿಷಯ. ಅಲ್ಲಿನ ರಕೂನ್‌ಗಳು ಮನುಷ್ಯರ ಊಟಕ್ಕೆ ಒಗ್ಗಿಹೋಗಿವೆ, ಐಸ್ ಪೆಟ್ಟಿಗೆಯ ಕೊಂಡಿಯನ್ನು ಬೆರಳಿನಿಂದ ಎತ್ತಿ ತೆರೆಯಬಲ್ಲವು. ಒಗ್ಗರಣೆಯ ವಾಸನೆ ಹರಡಿದ ಮೇಲಂತೂ ಅವು ಬಂದೇ ಬರುತ್ತವೆ. ಊಟದ ಪದಾರ್ಥವೆಲ್ಲವನ್ನೂ, ಮಕ್ಕಳ ಜೇಬಿನ ಬಿಸ್ಕತ್ತನ್ನೂ ಸೇರಿಸಿ, ಮಲಗುವ ಮುನ್ನ ಕಾರಿನೊಳಗಿಟ್ಟು ಬೀಗ ಹಾಕಿ. ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ಮೌನದ ಹೊತ್ತು. ಪಕ್ಕದ ಡೇರೆಯ ಗೋಡೆಯೂ ನಿಮ್ಮದರಂತೆಯೇ ಬರಿಯ ಬಟ್ಟೆ.

ಪ್ರಶ್ನೆ: ನಮ್ಮ ತಂದೆತಾಯಿ ಊರಿನಿಂದ ಮೂರು ತಿಂಗಳಿಗೆ ಬರುತ್ತಿದ್ದಾರೆ. ಇಬ್ಬರಿಗೂ ಎಪ್ಪತ್ತರ ಆಸುಪಾಸು, ತಾಯಿಗೆ ಮಂಡಿನೋವು. ಗುಡ್ಡ ಹತ್ತಲಾರದವರಿಗೆ ಅಲ್ಲಿ ನೋಡುವಂಥದ್ದೇನಾದರೂ ಇದೆಯೇ?
— ಓದುಗರೊಬ್ಬರು, ಮಿಲ್ವಾಕಿ

ಉತ್ತರ: ಬೇಕಾದಷ್ಟಿದೆ. ಎಲ್ಲರೂ ಛಾಯಾಚಿತ್ರದಲ್ಲಿ ನೋಡಿರುವ ಬ್ಯಾಲೆನ್ಸ್ಡ್ ರಾಕ್ ಮತ್ತು ಡೆವಿಲ್ಸ್ ಡೋರ್‌ವೇ ಎಂಬ ಬಂಡೆಗಳ ಆಸೆಯನ್ನು ಮೊದಲು ಬಿಟ್ಟುಬಿಡಿ. ಅಲ್ಲಿಗೆ ಹೋಗುವ ಕಲ್ಲುಮೆಟ್ಟಿಲುಗಳು ಕಡಿದಾದವು, ಎತ್ತರ ಒಂದೇ ಸಮನಾಗಿಲ್ಲ, ಅಂಚಿನಲ್ಲಿ ಕಟಾಂಜನವಿಲ್ಲ, ಮಳೆ ಬಿದ್ದರೆ ಕ್ವಾರ್ಟ್ಸೈಟ್ ಗಾಜಿನಂತೆ ಜಾರುತ್ತದೆ. ಆ ದಾರಿಗಳಲ್ಲಿ ಹಲವನ್ನು ಕಡಿದು ಜೋಡಿಸಿದವರು 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರ ಕಟ್ಟಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ಯುವಕರು. ಅವರ ಕೈಕೆಲಸದ ಸೊಗಸನ್ನು ಆರೋಗ್ಯವಂತ ಮಂಡಿಗಳಿರುವವರು ನಿಧಾನವಾಗಿ ಹತ್ತುತ್ತ ನೋಡಬೇಕು.

ನಿಮ್ಮ ತಂದೆತಾಯಿಗೆ ನಾನು ಸೂಚಿಸುವುದು ಪೂರ್ವದ ಗುಡ್ಡದ ದಕ್ಷಿಣ ಬುಡದಲ್ಲಿ, ಮರಗಳ ನೆರಳಿನಲ್ಲೇ ಸಾಗುವ ಗ್ರಾಟೋಸ್ ಎಂಬ ಮುಕ್ಕಾಲು ಮೈಲಿಗಿಂತ ಕಡಿಮೆ ಉದ್ದದ, ಬಹುಮಟ್ಟಿಗೆ ಸಮತಟ್ಟಾದ ದಾರಿ. ಪಶ್ಚಿಮ ದಡದ ಟಂಬಲ್ಡ್ ರಾಕ್ಸ್ ದಾರಿಯೂ ಚಿಕ್ಕದೇ, ನೀರಿನ ಪಕ್ಕದಲ್ಲೇ ಹೋಗುತ್ತದೆ. ಆದರೆ ಅದು ಮೇಲಿನಿಂದ ಉರುಳಿಬಿದ್ದ ಬಂಡೆಗಳ ನಡುವೆ ನುಸುಳುತ್ತ ಹೋಗುವುದರಿಂದ ನೆಲ ಏರುಪೇರು. ಕೋಲು ಹಿಡಿದು, ಸಾಕೆನಿಸಿದಲ್ಲಿಂದ ಹಿಂದಿರುಗಿದರಾಯಿತು.

ಈ ಉರುಳಿದ ಬಂಡೆಗಳನ್ನು ತಾಳ್ಮೆಯಿಂದ ನೋಡಿದರೆ ಕೆಲವುಗಳ ಮೈಮೇಲೆ ಬೆರಳಗಲದ ಏರಿಳಿತದ ಸಾಲುಗಳು ಕಾಣುತ್ತವೆ. ಒಮ್ಮೆ ನನ್ನ ತಾಯಿಯನ್ನು ಅಂಥದೊಂದು ಬಂಡೆಯ ಬಳಿ ನಿಲ್ಲಿಸಿದ್ದೆ. ಅವರು ಅಂಗೈಯನ್ನು ಅದರ ಮೇಲಿಟ್ಟು ಒಂದು ಸಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಸುತ್ತ, ‘ಹೊಳೆಯ ಮರಳಿನ ಮೇಲೆ ನೀರು ಹೀಗೇ ಬರೆಯುತ್ತದಲ್ಲ’ ಎಂದರು. ಯಾರೂ ಹೇಳಿಕೊಡದೆಯೇ ಅವರು ಕಂಡುಕೊಂಡದ್ದು ಸರಿಯಾಗಿತ್ತು. ಅವು 160 ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ನೀರಿನ ಅಲೆಗಳು ಮರಳಿನ ಮೇಲೆ ಬಿಟ್ಟ ಗುರುತುಗಳು, ಮರಳು ಕಲ್ಲಾದಾಗ ಹಾಗೆಯೇ ಉಳಿದುಬಿಟ್ಟವು.

ಇನ್ನೊಂದು ದಿನವಿದ್ದರೆ ಬ್ಯಾರಬೂ ಊರಿನ ಹತ್ತಿರದ ಇಂಟರ್‌ನ್ಯಾಶನಲ್ ಕ್ರೇನ್ ಫೌಂಡೇಶನ್‌ಗೆ ಕರೆದುಕೊಂಡು ಹೋಗಿ. 1973ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಜಗತ್ತಿನ 15 ಬಗೆಯ ಕ್ರೌಂಚಗಳನ್ನೂ ಒಂದೇ ಕಡೆ ನೋಡಬಹುದು. ಭಾರತದ ಸಾರಸ ಕ್ರೌಂಚವೂ ಅವುಗಳಲ್ಲೊಂದು. ಚಳಿಗಾಲದಲ್ಲಿ ಅದು ಪ್ರವಾಸಿಗರಿಗೆ ಮುಚ್ಚಿರುತ್ತದೆ.

ಪ್ರಶ್ನೆ: ಮೋಟಾರು ಕೂರಿಸಬಹುದಾದ ಗಾಳಿದೋಣಿಯೊಂದನ್ನು ಕೊಂಡಿದ್ದೇವೆ. ಈಜು ಬಾರದವರೂ ಜೊತೆಯಲ್ಲಿದ್ದಾರೆ. ಏನೇನು ಗಮನಿಸಬೇಕು?
— ಓದುಗರೊಬ್ಬರು, ಡಿಮಾಯ್ನ್, ಅಯೋವಾ

ಉತ್ತರ: ಪೆಟ್ರೋಲ್ ಮೋಟಾರಿಗೆ ಅಲ್ಲಿ ಅನುಮತಿಯಿಲ್ಲ, ಬ್ಯಾಟರಿಯಿಂದ ನಡೆಯುವುದು ಮಾತ್ರ ಆಗಬಹುದು. ಆ ಸರೋವರದ ಮೇಲಿನ ನಿಶ್ಶಬ್ದಕ್ಕೆ ಈ ನಿಯಮವೇ ಕಾರಣ, ನಾನಂತೂ ಹುಟ್ಟುಗಳೇ ಸಾಕೆನ್ನುತ್ತೇನೆ. ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಅವರವರ ಅಳತೆಯ ಲೈಫ್ ಜಾಕೆಟ್ ಇರಲೇಬೇಕೆಂಬುದು ಕಾನೂನು. ಈಜು ಬಾರದವರು ಅದನ್ನು ದಡದಲ್ಲೇ ತೊಟ್ಟು ಬಿಗಿದುಕೊಂಡು ದೋಣಿ ಹತ್ತಲಿ. ಈಜುವ ದಡಗಳಲ್ಲಿ ಜೀವರಕ್ಷಕರು ಇರುವುದಿಲ್ಲ, ಆದ್ದರಿಂದ ಮಕ್ಕಳ ಮೇಲೆ ಕಣ್ಣಿಡುವ ಹೊಣೆ ಪೂರ್ತಿಯಾಗಿ ನಿಮ್ಮದೇ. ದೊಡ್ಡವರು ಸರದಿಯ ಮೇಲೆ, ಕೈಯಲ್ಲಿ ಫೋನಿಲ್ಲದೆ, ಅದೊಂದೇ ಕೆಲಸ ಮಾಡಲಿ. ದೋಣಿಯನ್ನು ಬೇರೆ ಕೆರೆಯಲ್ಲಿ ಬಳಸಿದ್ದರೆ ನೀರೆಲ್ಲ ಬಸಿದು, ಅಂಟಿದ ಜಲಸಸ್ಯಗಳನ್ನು ಕಿತ್ತು, ಒಣಗಿಸಿ ತನ್ನಿ. ಬೇರೆಡೆಯ ಒಂದು ಎಳೆ ಕಳೆ ಒಳಗೆ ಬಂದರೂ ಈ ಮುಚ್ಚಿದ ಬಟ್ಟಲಿನಿಂದ ಅದನ್ನು ಹೊರಗಟ್ಟುವುದು ಬಹಳ ಕಷ್ಟ. ಮೀನು ಹಿಡಿಯುವುದಾದರೆ 16 ವರ್ಷ ತುಂಬಿದವರಿಗೆ ಪರವಾನಗಿ ಬೇಕು.

ಪ್ರಶ್ನೆ: ಉಣ್ಣೆಹುಳು ಮತ್ತು ಗುಡುಗುಮಳೆ, ಈ ಎರಡರ ಭಯದಿಂದ ನನ್ನ ಹೆಂಡತಿ ಡೇರೆ ವಾಸ ಬೇಡವೆನ್ನುತ್ತಿದ್ದಾಳೆ. ಭಯಕ್ಕೆ ಕಾರಣವಿದೆಯೇ?
— ಓದುಗರೊಬ್ಬರು, ರಾಕ್‌ಫರ್ಡ್, ಇಲಿನಾಯ್

ಉತ್ತರ: ಕಾರಣವಿದೆ, ಅವರ ಮಾತನ್ನು ತಳ್ಳಿಹಾಕಬೇಡಿ. ವಿಸ್ಕಾನ್ಸಿನ್‌ನ ಕಾಡುಗಳಲ್ಲಿ ಲೈಮ್ ಕಾಯಿಲೆ ಹರಡುವ ಡಿಯರ್ ಟಿಕ್ ಎಂಬ ಉಣ್ಣೆ ಸಾಮಾನ್ಯ. ಮೇ ತಿಂಗಳಿನಿಂದ ಜುಲೈವರೆಗೆ ಅದರ ಮರಿಗಳು ಗಸಗಸೆ ಕಾಳಿನಷ್ಟೇ ಇರುವುದರಿಂದ ಕಣ್ಣಿಗೆ ಬೀಳುವುದೇ ಕಷ್ಟ. ತಿಳಿಬಣ್ಣದ ಉದ್ದನೆಯ ಪ್ಯಾಂಟ್ ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ದಾರಿಯ ನಡುವೆಯೇ ನಡೆಯಿರಿ. ಪ್ರತಿ ಸಂಜೆ ಟಾರ್ಚ್ ಹಿಡಿದು ಮಂಡಿಯ ಹಿಂಭಾಗ, ಸೊಂಟದ ಪಟ್ಟಿ, ಕಂಕುಳು, ಕಿವಿಯ ಹಿಂದೆ, ಕೂದಲಿನ ಬುಡ ಇಷ್ಟನ್ನೂ ಒಬ್ಬರಿಗೊಬ್ಬರು ನೋಡಿ. ಕಚ್ಚಿಕೊಂಡದ್ದು ಸಿಕ್ಕರೆ ಚೂಪುತುದಿಯ ಚಿಮುಟದಿಂದ ಚರ್ಮಕ್ಕೆ ತಾಗಿದಂತೆಯೇ ಹಿಡಿದು, ತಿರುಚದೆ ನೇರವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ. ಮುಂದಿನ ವಾರಗಳಲ್ಲಿ ಜ್ವರವಾಗಲಿ ಹರಡುತ್ತ ಹೋಗುವ ಕೆಂಪು ಮಚ್ಚೆಯಾಗಲಿ ಕಂಡರೆ ವೈದ್ಯರ ಬಳಿ ಹೋಗಿ, ಉಣ್ಣೆ ಕಚ್ಚಿದ್ದನ್ನು ಮರೆಯದೆ ಹೇಳಿ.

ಗುಡುಗುಮಳೆಗೆ ಡೇರೆ ಆಶ್ರಯವಲ್ಲ. ಒಂದು ಜೂನ್ ರಾತ್ರಿ ಎರಡು ಗಂಟೆಗೆ ಎದ್ದ ಬಿರುಗಾಳಿಯಲ್ಲಿ ನಮ್ಮ ಡೇರೆಯಿಂದ ನಾಲ್ಕು ಮಾರು ದೂರದಲ್ಲಿ ಓಕ್ ಮರದ ಒಣಗಿದ ಕೊಂಬೆಯೊಂದು ನೆಲಕ್ಕೆ ಬಿತ್ತು. ಆಗ ನಾವು ಕಾರಿನೊಳಗೆ ಕೂತಿದ್ದೆವು. ಮೊದಲ ಗುಡುಗಿಗೇ ಮಕ್ಕಳನ್ನು ಎಬ್ಬಿಸಿ ಹೊರಟದ್ದರಿಂದ ನನಗಿಂದಿಗೂ ಸಮಾಧಾನವಿದೆ. ಡೇರೆ ಹಾಕುವ ಮುನ್ನ ತಲೆಯೆತ್ತಿ ಒಣಕೊಂಬೆಗಳಿವೆಯೇ ನೋಡಿ, ಗುಡುಗು ಕೇಳಿದೊಡನೆ ಕಾರಿಗೋ ಸ್ನಾನಗೃಹದ ಗಟ್ಟಿ ಕಟ್ಟಡಕ್ಕೋ ಹೋಗಿ. ಸುಂಟರಗಾಳಿಯ ಎಚ್ಚರಿಕೆ ಬಂದರೆ ಕಾರೂ ಸಾಲದು, ಕಟ್ಟಡವನ್ನೇ ಸೇರಬೇಕು. ಗುಡ್ಡಗಳ ನಡುವೆ ಫೋನಿನ ಸಂಪರ್ಕ ಕೈಕೊಡಬಹುದಾದ್ದರಿಂದ ಹವಾಮಾನ ಎಚ್ಚರಿಕೆ ಹೇಳುವ ಸಣ್ಣ ರೇಡಿಯೊ ಜೊತೆಯಲ್ಲಿರಲಿ.

ಪ್ರಶ್ನೆ: ಇಷ್ಟು ಚೆಲುವಾದ ಜಾಗಕ್ಕೆ ಸೈತಾನನ ಹೆಸರು ಏಕೆ? ಮಕ್ಕಳು ಕೇಳಿದಾಗ ಉತ್ತರಿಸಲಾಗಲಿಲ್ಲ.
— ಓದುಗರೊಬ್ಬರು, ಶಿಕಾಗೊ

ಉತ್ತರ: ಅದು ಆ ನೆಲದ ಮೂಲನಿವಾಸಿಗಳಾದ ಹೋ-ಚಂಕ್ ಜನರು ಇಟ್ಟ ಹೆಸರಲ್ಲ. ಅವರ ಭಾಷೆಯ ಹೆಸರಿಗೆ ಪವಿತ್ರ ಸರೋವರ, ದೈವದ ಸರೋವರ ಎಂಬ ಅರ್ಥವಿದೆ. ಹೊರಗಿನಿಂದ ಬಂದು ನೆಲೆಸಿದವರ ಬಾಯಲ್ಲಿ ದೈವವೇ ದೆವ್ವವಾಯಿತು. ಹೋ-ಚಂಕ್ ಜನರ ಕಥೆಯೊಂದರ ಪ್ರಕಾರ ಆಕಾಶದ ಗುಡುಗುಹಕ್ಕಿಗಳಿಗೂ ಆಳದಲ್ಲಿ ವಾಸಿಸುವ ಜಲದೈವಗಳಿಗೂ ಇಲ್ಲಿ ದೊಡ್ಡ ಕಾಳಗ ನಡೆಯಿತು. ಮೇಲಿನವು ಸಿಡಿಲನ್ನೆಸೆದವು, ಕೆಳಗಿನವು ಬಂಡೆಗಳನ್ನೂ ನೀರನ್ನೂ ಚಿಮ್ಮಿಸಿದವು, ಗುಡ್ಡಗಳು ಒಡೆದು ಕಲ್ಲುಗಳು ಉರುಳಿದವು. ದಡದಲ್ಲಿ ನಿಂತು ಆ ಕಲ್ಲುರಾಶಿಯನ್ನು ತೋರಿಸುತ್ತ ಈ ಕಥೆ ಹೇಳಿ, ಮಕ್ಕಳು ಹೆಸರಿನ ಪ್ರಶ್ನೆಯನ್ನು ತಾವೇ ಬಿಡಿಸಿಕೊಳ್ಳುತ್ತಾರೆ. ಇನ್ನೊಂದು ಸಂಗತಿಯನ್ನೂ ಮುಚ್ಚಿಡದೆ ಹೇಳಿ: 1837ರ ಒಪ್ಪಂದದ ನಂತರ ಹೋ-ಚಂಕ್ ಜನರನ್ನು ಈ ನೆಲದಿಂದ ಬಲವಂತವಾಗಿ ಮತ್ತೆ ಮತ್ತೆ ಹೊರಗಟ್ಟಲಾಯಿತು, ಅವರಲ್ಲಿ ಹಲವರು ಪ್ರತಿ ಸಲವೂ ನಡೆದು ಹಿಂದಿರುಗಿದರು. ಇಂದು ಹೋ-ಚಂಕ್ ರಾಷ್ಟ್ರದ ಆಡಳಿತ ಕೇಂದ್ರ ವಿಸ್ಕಾನ್ಸಿನ್‌ನಲ್ಲೇ, ಬ್ಲ್ಯಾಕ್ ರಿವರ್ ಫಾಲ್ಸ್ ಊರಿನಲ್ಲಿದೆ.

ದಡದಲ್ಲಿ ಪ್ರಾಣಿಪಕ್ಷಿಗಳ ಆಕಾರದ ಮಣ್ಣಿನ ದಿಬ್ಬಗಳಿವೆ, ಸುಮಾರು ಸಾವಿರ ವರ್ಷಗಳ ಹಿಂದೆ ಈ ನೆಲದ ಜನ ಬುಟ್ಟಿಬುಟ್ಟಿಯಾಗಿ ಮಣ್ಣು ಹೊತ್ತು ಕಟ್ಟಿದವು. ಉತ್ತರದ ದಡದಲ್ಲಿ ಕರಡಿಯ ಆಕಾರದ್ದಿದೆ, ದಕ್ಷಿಣದ ದಡದ ಬಳಿ ರೆಕ್ಕೆ ಚಾಚಿದ ದೊಡ್ಡ ಹಕ್ಕಿಯಿದೆ. ಇಂಥ ದಿಬ್ಬಗಳಲ್ಲಿ ಹಲವು ಸಮಾಧಿಗಳೂ ಆಗಿರುವುದರಿಂದ ಮಕ್ಕಳು ಅವುಗಳ ಮೇಲೆ ಹತ್ತದಂತೆ, ಓಡದಂತೆ ನೋಡಿಕೊಳ್ಳಿ. ನಡುಹಗಲಿನಲ್ಲಿ ಹೋದರೆ ಹುಲ್ಲು ಬೆಳೆದ ತಗ್ಗು ದಿನ್ನೆಯಷ್ಟೇ ಕಂಡು ನಿರಾಶೆಯಾಗಬಹುದು. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋಗಿ, ಹಕ್ಕಿಯ ಬಾಲದ ಕಡೆ ನಿಂತು ತುಸು ಕಾಯಿರಿ; ದಿಬ್ಬದ ಒಂದು ಅಂಚಿನುದ್ದಕ್ಕೂ ನೆರಳು ಗೆರೆ ಕಟ್ಟಿದಾಗ ಮೊದಲು ಒಂದು ರೆಕ್ಕೆ, ಆಮೇಲೆ ಇನ್ನೊಂದು, ಹುಲ್ಲಿನ ನಡುವಿನಿಂದ ಬಿಡಿಸಿಕೊಂಡು ಕಾಣಿಸುತ್ತದೆ.